ನಲವತ್ತನಾಲ್ಕು ಚೀಟಿಗಳ ಆವರ್ತ ಕೋಷ್ಟಕ

ಗೋಡೆಯ ಮೇಲಿನ ಬಣ್ಣದ ಕೋಷ್ಟಕ ನೋಡಿ ಉರುಹೊಡೆದರೆ ಧಾತುಗಳ ಹೆಸರು ಬಾಯಿಗೆ ಬರುತ್ತದೆ, ಯಾವುದು ಯಾಕೆ ಅಲ್ಲಿ ಕೂತಿದೆ ಅನ್ನುವುದು ತಿಳಿಯುವುದಿಲ್ಲ. ಅದಕ್ಕೆ ಚೀಟಿ ಜೋಡಿಸುವುದೇ ವಾಸಿ. ನಾನು ಇಟ್ಟುಕೊಂಡಿರುವುದು 44 ಚೀಟಿ: ಲಿಥಿಯಂನಿಂದ ಅಯೋಡಿನ್‌ವರೆಗೆ, ಜಡಾನಿಲಗಳನ್ನು ಬಿಟ್ಟು. ಸ್ಕ್ಯಾಂಡಿಯಂ, ಗ್ಯಾಲಿಯಂ, ಜರ್ಮೇನಿಯಂ, ಟೆಕ್ನೀಷಿಯಂಗಳನ್ನೂ ಬೇಕೆಂದೇ ಹೊರಗಿಟ್ಟಿದ್ದೇನೆ. 1869ರಲ್ಲಿ ಆವರ್ತ ಕೋಷ್ಟಕ ಕಟ್ಟಿದ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಕೈಯಲ್ಲೂ ಇವು ಇರಲಿಲ್ಲ.

ಪ್ರತಿ ಚೀಟಿಯಲ್ಲಿ ಹೆಸರು, ಪರಮಾಣು ರಾಶಿ, ಸಾಂದ್ರತೆ, ಕರಗುವ ಬಿಂದು. ಇವಕ್ಕಿಂತ ಮುಖ್ಯವಾದದ್ದು ಆಕ್ಸಿಜನ್ ಲೆಕ್ಕ, ಅಂದರೆ (ಆಕ್ಸಿಜನ್‌ಗಳೇ ಒಂದಕ್ಕೊಂದು ಕೂಡಿಕೊಂಡ ಪೆರಾಕ್ಸೈಡ್‌ನಂಥವನ್ನು ಬಿಟ್ಟು) ಅತಿ ಹೆಚ್ಚು ಆಕ್ಸಿಜನ್ ಇರುವ ಆಕ್ಸೈಡಿನಲ್ಲಿ ಆ ಧಾತುವಿನ ಒಂದು ಪರಮಾಣುವಿಗೆ ಎಷ್ಟು ಆಕ್ಸಿಜನ್ ಎಂಬುದು. ಎರಡು ಸೋಡಿಯಂಗೆ ಒಂದು ಆಕ್ಸಿಜನ್, ಹಾಗಾಗಿ 0.5. ಮೆಗ್ನೀಸಿಯಂ 1, ಅಲ್ಯೂಮಿನಿಯಂ 1.5, ಹೀಗೆ ಅರ್ಧರ್ಧ ಏರುತ್ತ ಕ್ಲೋರಿನ್‌ಗೆ 3.5. ಫ್ಲೋರಿನ್, ಆಕ್ಸಿಜನ್, ಬ್ರೋಮಿನ್, ಅಯೋಡಿನ್‌ಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎಷ್ಟು ಹೈಡ್ರೋಜನ್ ಹಿಡಿಯುತ್ತದೆ ಎಂದು ಬರೆಯಬೇಕು. ಪರಮಾಣು ಸಂಖ್ಯೆಯನ್ನು ಮಾತ್ರ ಬರೆಯಬೇಡಿ, ಬರೆದರೆ ಆಟ ಅಲ್ಲಿಗೇ ಮುಗಿಯಿತು.

ರಾಶಿಯ ಏರಿಕೆಯಲ್ಲಿ ಏಳೇಳು ಇಟ್ಟರೆ ಮೊದಲ ಎರಡು ಅಡ್ಡಸಾಲು ತಕರಾರಿಲ್ಲದೆ ಕೂರುತ್ತವೆ. ತೊಂದರೆ ಶುರುವಾಗುವುದು ಮೂರನೆಯದರಲ್ಲಿ. ಕ್ಯಾಲ್ಸಿಯಂ (40.08) ಆದಮೇಲೆ ಟೈಟಾನಿಯಂ (47.87) ಬರುತ್ತದೆ. ಪಕ್ಕದಲ್ಲೇ ಇಟ್ಟರೆ ಅದು ಅಲ್ಯೂಮಿನಿಯಂ ಕೆಳಗೆ ಬೀಳುತ್ತದೆ, ಆದರೆ ಅದರ ಆಕ್ಸಿಜನ್ ಲೆಕ್ಕ 2. ಒಂದು ಮನೆ ಖಾಲಿ ಬಿಟ್ಟು ಸಿಲಿಕಾನ್ ಕೆಳಗೆ ತಳ್ಳಿ. ಮುಂದೆ ವೆನೇಡಿಯಂ 2.5, ಕ್ರೋಮಿಯಂ 3, ಮ್ಯಾಂಗನೀಸ್ 3.5 ತಾವಾಗಿಯೇ ಸರಿಹೋಗುತ್ತವೆ. ಇಲ್ಲಿ ಹೆಚ್ಚಿನವರು ಎಡವುವುದು ಬಳಕೆಯ ಆಕ್ಸೈಡನ್ನೇ ಬರೆದು: ಕ್ರೋಮಿಯಂನ ಹಸಿರು ಆಕ್ಸೈಡ್ ಹಿಡಿದರೆ 1.5, ಮ್ಯಾಂಗನೀಸ್ ಡೈಆಕ್ಸೈಡ್ ಹಿಡಿದರೆ 2, ಆಗ ಇಡೀ ಸಾಲು ಕಲಸಿಹೋಗುತ್ತದೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳನ್ನು ಎಂಟನೇ ಕಂಬಸಾಲಿಗೆ ಒಟ್ಟಿಗೆ ತುರುಕಬೇಕು, ಬೇರೆ ದಾರಿಯಿಲ್ಲ. ತಾಮ್ರ ಮೊದಲ ಕಂಬಸಾಲಿಗೆ ಬರುವುದು ಅದರ ಕೆಂಪು ಆಕ್ಸೈಡಿನ 0.5ರ ಬಲದಿಂದಷ್ಟೆ. ಈ ಪುಟ್ಟ ಕೋಷ್ಟಕದ ದುರ್ಬಲ ಜಾಗ ಇದೇ.

ಸತುವಿನ (65.38) ನಂತರ ಆರ್ಸೆನಿಕ್ (74.92). ಅದರ ಲೆಕ್ಕ 2.5, ಜಾಗ ರಂಜಕದ ಕೆಳಗೆ. ಅಂದರೆ ನಡುವೆ ಎರಡು ಮನೆ ಖಾಲಿ. ಇವುಗಳ ರಾಶಿಯನ್ನು ಹೀಗೆ ಲೆಕ್ಕ ಹಾಕಬಹುದು: ಅದೇ ಕಂಬಸಾಲಿನಲ್ಲಿ ಒಂದೊಂದು ಮನೆ ಬಿಟ್ಟು ನೋಡಿದರೆ ಮೇಲೆ ಅಲ್ಯೂಮಿನಿಯಂ 26.98, ಕೆಳಗೆ ಇಂಡಿಯಂ 114.82, ಸರಾಸರಿ 70.90. ಅಡ್ಡಕ್ಕೆ ಸತುವಿನಿಂದ ಆರ್ಸೆನಿಕ್‌ವರೆಗಿನ ಅಂತರವನ್ನು ಮೂರು ಪಾಲು ಮಾಡಿದರೆ ಮೊದಲ ಮನೆಗೆ 68.56. ಎರಡರ ಸರಾಸರಿ 69.73. 1875ರಲ್ಲಿ ಸಿಕ್ಕ ಗ್ಯಾಲಿಯಂನ ಇಂದಿನ ಬೆಲೆ 69.72! ಎರಡನೇ ಮನೆಗೆ ಹೀಗೇ ಮಾಡಿದರೆ 72.57, ಜರ್ಮೇನಿಯಂ 72.63. ಸಾಂದ್ರತೆಯೂ ಹತ್ತಿರ ಬರುತ್ತದೆ: 5.84 ಮತ್ತು 5.50, ನಿಜವಾದದ್ದು 5.91 ಮತ್ತು 5.32. ಕರಗುವ ಬಿಂದುವಿಗೆ ಮಾತ್ರ ಇದನ್ನು ನಂಬಬೇಡಿ. ಅಲ್ಯೂಮಿನಿಯಂ 660, ಇಂಡಿಯಂ 157 ಎಂದು ಸರಾಸರಿ ತೆಗೆದರೆ 408 ಡಿಗ್ರಿ. ಗ್ಯಾಲಿಯಂ ಕರಗುವುದು 29.8ಕ್ಕೆ, ಅಂಗೈ ಶಾಖಕ್ಕೇ. ಕರಗುವಿಕೆ ನಿಂತಿರುವುದು ಹರಳಿನಲ್ಲಿ ಪರಮಾಣುಗಳ ಜೋಡಣೆಯ ಮೇಲೆ, ಅದು ಸಾಲು ನೋಡಿ ನಡೆಯುವುದಿಲ್ಲ.

ಇಂಡಿಯಂ ಚೀಟಿಯಿಂದ ಇನ್ನೊಂದು ಪರೀಕ್ಷೆ ಮಾಡಬಹುದು. ಪ್ರಯೋಗದಲ್ಲಿ ನೇರವಾಗಿ ಸಿಗುವುದು ತುಲ್ಯ ತೂಕ, ಅಂದರೆ 8 ಪಾಲು ಆಕ್ಸಿಜನ್ ಜೊತೆ ಕೂಡುವ ಧಾತುವಿನ ತೂಕ, 38.27. ಇದನ್ನು ವೇಲೆನ್ಸಿಯಿಂದ (ಪರಮಾಣುವಿನ ಕೂಡುವ ಶಕ್ತಿಯಿಂದ) ಗುಣಿಸಿದರೆ ರಾಶಿ. ವೇಲೆನ್ಸಿ 2 ಎಂದುಕೊಂಡರೆ ರಾಶಿ 76.5, ಆರ್ಸೆನಿಕ್ ಮತ್ತು ಸೆಲೀನಿಯಂ ನಡುವೆ ಜಾಗವೇ ಇಲ್ಲದ ಕಡೆ ನುಗ್ಗುತ್ತದೆ. 3 ಎಂದುಕೊಂಡರೆ 114.8, ಕ್ಯಾಡ್ಮಿಯಂ ಮತ್ತು ತವರದ ನಡುವೆ ಸರಿಯಾಗಿ ಕೂರುತ್ತದೆ. ಮೆಂಡಲೀವ್ ತಿದ್ದಿದ್ದೂ ಹೀಗೆಯೇ.

ಕೊನೆಯ ಗಂಟು ಟೆಲ್ಯೂರಿಯಂ 127.60, ಅಯೋಡಿನ್ 126.90. ರಾಶಿ ನಂಬಿದರೆ ಅಯೋಡಿನ್ ಸೆಲೀನಿಯಂ ಕೆಳಗೆ ಹೋಗುತ್ತದೆ. ಹೈಡ್ರೋಜನ್ ಲೆಕ್ಕ 1 ಇರುವುದರಿಂದ ಅದು ಬ್ರೋಮಿನ್ ಕೆಳಗೇ ಇರಬೇಕು. ಅದಲುಬದಲು ಮಾಡಿ, ಚೀಟಿಯ ಮೂಲೆಯಲ್ಲಿ ಗುರುತು ಹಾಕಿ. ಕೋಬಾಲ್ಟ್ 58.93, ನಿಕ್ಕಲ್ 58.69ರದ್ದೂ ಇದೇ ಪಾಡು. ಇದನ್ನು ಬಿಡಿಸಿದ್ದು 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲಿಯ ಎಕ್ಸ್-ರೇ ಅಳತೆ. ಧಾತು ಹೊಮ್ಮಿಸುವ ಎಕ್ಸ್-ರೇಗಳಲ್ಲಿ ಪ್ರಬಲವಾದ ಕೆ-ಆಲ್ಫಾ ರೇಖೆಯ ಶಕ್ತಿಯನ್ನು ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ತೆಗೆದುಕೊಂಡು 0.0102ರಿಂದ ಭಾಗಿಸಿ, ವರ್ಗಮೂಲ ತೆಗೆದು, 1 ಕೂಡಿಸಿ. ಸಿಗುವುದು ಪರಮಾಣು ಸಂಖ್ಯೆ. ಕೋಬಾಲ್ಟ್‌ನ 6.93ಕ್ಕೆ 27.07, ನಿಕ್ಕಲ್‌ನ 7.48ಕ್ಕೆ 28.08. ಟೆಲ್ಯೂರಿಯಂ, ಅಯೋಡಿನ್‌ಗಳಲ್ಲಿ ಇದೇ ಸೂತ್ರ ಸುಮಾರು 1ರಷ್ಟು ಹೆಚ್ಚು ತೋರಿಸುತ್ತದೆ, 52.9 ಮತ್ತು 54.0. ಆದರೆ ಯಾವುದು ಮೊದಲು ಎಂಬುದರಲ್ಲಿ ತಪ್ಪುವುದಿಲ್ಲ.