ಹೀರೋ ಕೈಗೆ ಸೂಜಿ ದಾರ ಕೊಡಿ

ಕಾಲೇಜು ಹುಡುಗರ ಜೊತೆ ಸೂಪರ್‌ಹೀರೋ, ಗಂಡಸುತನ ಅಂತ ಹೊಸ ನಾಟಕ ಕಟ್ಟುತ್ತಿದ್ದರೆ ಮೊದಲ ದಿನ ಮಾತು ಬರೆಸಬೇಡಿ. ಹೆಗಲಿಗೊಂದು ಟವೆಲ್ ಕಟ್ಟಿ, ಎದೆ ಉಬ್ಬಿಸಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲಿಸಿ. ಆಮೇಲೆ ಆ ಗತ್ತು ಬಿಡದೆ ಸೂಜಿಗೆ ದಾರ ಪೋಣಿಸಿ ಒಂದು ಗುಂಡಿ ಹೊಲಿಯಲು ಹೇಳಿ. ಗತ್ತು ಇದ್ದರೆ ದಾರ ಹೋಗುವುದಿಲ್ಲ. ದಾರ ಹೋಗಬೇಕಾದರೆ ಭುಜ ಇಳಿಯಬೇಕು, ಕತ್ತು ಬಾಗಬೇಕು. ಗಂಡಸುತನ ಅನ್ನೋದು ಎಷ್ಟು ಕಷ್ಟಪಟ್ಟು ಹೊತ್ತು ನಿಂತ ಭಂಗಿ ಅಂತ ಯಾರೂ ಬಾಯಿಬಿಟ್ಟು ಹೇಳದೆಯೇ ಕಾಣುತ್ತದೆ. 1938ರ ಸೂಪರ್‌ಮ್ಯಾನ್ ನೋಡಿ, 1997ರಲ್ಲಿ ದೂರದರ್ಶನದಲ್ಲಿ ಬಂದ ಶಕ್ತಿಮಾನ್ ನೋಡಿ. ಇಬ್ಬರೂ ಮಿಕ್ಕ ಹೊತ್ತು ಕನ್ನಡಕ ಹಾಕಿಕೊಂಡು ಪತ್ರಿಕೆಯಲ್ಲಿ ಕೆಲಸ ಮಾಡುವ ಪಾಪದವರು! ಒಂದು ಮೈಯಿಂದ ಇನ್ನೊಂದು ಮೈಗೆ ಜಾರುವ ಆ ಕ್ಷಣದಲ್ಲೇ ನಿಮ್ಮ ದೃಶ್ಯ ಇದೆ, ಅದನ್ನು ಫೋನಲ್ಲಿ ಹಿಡಿದಿಟ್ಟುಕೊಳ್ಳಿ. ಸೂಜಿ ನಿಜವಾದದ್ದೇ ಬೇಕು. ಸುಮ್ನೆ ಗಾಳಿಯಲ್ಲಿ ಹೊಲಿದರೆ ಗತ್ತು ಹಾಗೇ ಉಳಿಯುತ್ತದೆ. ಯಕ್ಷಗಾನದಲ್ಲಿ ಪಳಗಿದ ಹುಡುಗರ ಹತ್ತಿರ ಇದು ಅಷ್ಟಾಗಿ ನಡೆಯುವುದಿಲ್ಲ, ವೇಷದ ಮೈ ಬೇರೆ, ತಮ್ಮ ಮೈ ಬೇರೆ ಅಂತ ಅವರಿಗೆ ಮೊದಲೇ ಗೊತ್ತು. ಪೂರ್ತಿ ಕೆಡುವುದು ಮಾತ್ರ ಹುಡುಗ ‘ಹೆಂಗಸರ ಕೆಲಸ’ ಅಂತ ಸೊಂಟ ಬಳುಕಿಸಿ ನಗಿಸಲು ಹೊರಟಾಗ. ಆಗ ಏಟು ಬೀಳುವುದು ಹೆಂಗಸರಿಗೆ, ಹೀರೋಗಲ್ಲ. ಬೈಯಬೇಡಿ, ಸೂಜಿ ವಾಪಸ್ ತಗೊಂಡು ಬೆಡ್‌ಶೀಟ್ ಸುತ್ತಿ ಕೈಗೆ ಕೊಡಿ: ಮಲಗಿದ ಮಗು, ಎಚ್ಚರವಾಗದ ಹಾಗೆ ಎತ್ತಿಕೊಂಡು ಹೋಗಬೇಕು.