ಮತಗಟ್ಟೆಗೆ ಜನ ಹೊಂದಿಸುವ ಕೆಲಸ: ಆಳಂದದ ನನ್ನ ಅನುಭವ

2024ರ ಲೋಕಸಭಾ ಚುನಾವಣೆಯಲ್ಲಿ ನನ್ನ ಪಾಲಿಗೆ ಬಂದದ್ದು ಸಿಬ್ಬಂದಿ ಶಾಖೆ. ಆಳಂದ ತಾಲ್ಲೂಕು ಕಚೇರಿಯಲ್ಲಿ ಕೂತು ಯಾವ ಇಲಾಖೆಯಲ್ಲಿ ಯಾರಿದ್ದಾರೆ ಅಂತ ಪಟ್ಟಿ ಮಾಡಬೇಕು, ಡ್ಯೂಟಿ ಆರ್ಡರ್ ಮುಟ್ಟಿಸಬೇಕು, ಮಸ್ಟರಿಂಗ್ ದಿನ (ಮತದಾನದ ಹಿಂದಿನ ದಿನ, ತಂಡಗಳಿಗೆ ಸಾಮಾನು ಕೊಟ್ಟು ಬೂತಿಗೆ ಕಳಿಸುವ ದಿನ) ಬರದವರ ಜಾಗ ತುಂಬಬೇಕು.

"ಎಲ್ಲಾ ಕಂಪ್ಯೂಟರೇ ಹಂಚತದಲ್ರಿ, ನಿಮಗೇನ್ ಕೆಲಸ?" ಅಂತ ಬಹಳ ಜನ ಕೇಳುತ್ತಾರೆ. ಯಾರಿಗೆ ಎಲ್ಲಿ ಡ್ಯೂಟಿ ಅಂತ ಹಂಚುವುದು ಕಂಪ್ಯೂಟರೇ, ನಿಜ. ಆದರೆ ನಾವು ತುಂಬಿದ ಪಟ್ಟಿ ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಿಲ್ಲ. ವರ್ಗ ಆಗಿ ಹೋದವರು, ಹೆರಿಗೆ ರಜೆಯಲ್ಲಿರುವವರು, ಮೂಲ ಶಾಲೆಯಿಂದ ಒಮ್ಮೆ, ನಿಯೋಜನೆಯ ಕಚೇರಿಯಿಂದ ಇನ್ನೊಮ್ಮೆ ಹೆಸರು ಬಂದವರು, ಎಲ್ಲರೂ ಅದರಲ್ಲಿರುತ್ತಾರೆ. ಕಚೇರಿಗಳು ಹಳೆ ಪಟ್ಟಿಗೇ ಹೊಸ ತಾರೀಖು ಹಾಕಿ ಕಳಿಸುವುದು ಜಾಸ್ತಿ. ಅದಕ್ಕೇ ನಾನು ಸುಮ್ನೆ ಕಾಗದ ನಂಬದೆ ಪ್ರತಿ ಕಚೇರಿಯ ಗುಮಾಸ್ತರಿಗೆ ಫೋನ್ ಹಚ್ಚಿ, ಹಾಜರಿ ಪುಸ್ತಕ ಎದುರಿಗಿಟ್ಟುಕೊಂಡು ಹೆಸರು ಓದಿ ಅಂತ ಹೇಳುತ್ತಿದ್ದೆ.

ಎರಡು ಕಾಲಂ ಮಾತ್ರ ಖಾಲಿ ಬಿಡಲು ಕೊಡಲಿಲ್ಲ. ಒಂದು ಮೂಲ ವೇತನ, ಹಿರಿತನ ಗೊತ್ತಾಗುವುದು ಅದರಿಂದಲೇ. ಹಿರಿಯ ಮುಖ್ಯೋಪಾಧ್ಯಾಯರನ್ನು ನಿನ್ನೆ ಮೊನ್ನೆ ಸೇರಿದವರ ಕೈಕೆಳಗೆ ಎರಡನೇ ಪೋಲಿಂಗ್ ಆಫೀಸರ್ ಮಾಡಿದರೆ ಆ ಬೂತಿನಲ್ಲಿ ಇಡೀ ದಿನ ಮುಖ ಗಂಟು. ಇನ್ನೊಂದು ಎಪಿಕ್ ನಂಬರ್, ಅಂದರೆ ಮತದಾರರ ಗುರುತಿನ ಚೀಟಿಯ ಸಂಖ್ಯೆ. ಸ್ವಂತ ವಿಧಾನಸಭಾ ಕ್ಷೇತ್ರ, ಕೆಲಸ ಮಾಡುವ ವಿಧಾನಸಭಾ ಕ್ಷೇತ್ರ ಬಿಟ್ಟು ಬೇರೆ ಕಡೆ ಹಾಕಬೇಕು ಅನ್ನುವ ನಿಯಮಕ್ಕೂ ಅದು ಬೇಕು, ಅವರ ಓಟಿಗೂ ಬೇಕು.

ಈ ಓಟಿನ ವಿಷಯ ನಮ್ಮ ಆಳಂದದಲ್ಲಿ ಸ್ವಲ್ಪ ತಿರುವು ಮುರುವು. ಆಳಂದ, ಚಿಂಚೋಳಿ ಎರಡೂ ಕಲಬುರಗಿ ಜಿಲ್ಲೆಯವು, ಆದರೆ ಲೋಕಸಭೆಗೆ ಬೀದರ್ ಕ್ಷೇತ್ರ. ಅತ್ತ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ ಸೇರುತ್ತದೆ. ಈಗ ಕಲಬುರಗಿ ನಗರದಲ್ಲಿ ಮನೆ, ಆಳಂದದಲ್ಲಿ ನೌಕರಿ ಇರುವ ಒಬ್ಬ ಶಿಕ್ಷಕಿ ಅಂದುಕೊಳ್ಳಿ. ಡ್ಯೂಟಿ ಜೇವರ್ಗಿಗೆ ಬಿದ್ದರೆ ಅವರದೇ ಲೋಕಸಭಾ ಕ್ಷೇತ್ರ. ನಮೂನೆ 12ಎ ಕೊಟ್ಟು ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ) ಪಡೆದರೆ ಡ್ಯೂಟಿ ಮಾಡುವ ಬೂತಿನಲ್ಲೇ ಮಷಿನ್‌ನಲ್ಲಿ ಓಟು ಹಾಕಬಹುದು. ಚಿಂಚೋಳಿಗೆ ಬಿದ್ದರೆ ಇಡಿಸಿ ನಡೆಯುವುದಿಲ್ಲ. ನಮೂನೆ 12 ಕೊಟ್ಟು ಅಂಚೆ ಮತಪತ್ರ ಪಡೆಯಬೇಕು. ಅದನ್ನೂ ಮೊದಲಿನ ಹಾಗೆ ಮನೆಗೆ ತರಿಸಿಕೊಂಡು ಆಮೇಲೆ ಅಂಚೆಗೆ ಹಾಕುವಂತಿಲ್ಲ, ಡ್ಯೂಟಿಯವರ ಓಟಿಗೆಂದೇ ತೆರೆದ ಫೆಸಿಲಿಟೇಷನ್ ಸೆಂಟರಿನಲ್ಲೇ ಹಾಕಬೇಕು. "ಜಿಲ್ಲಾ ಒಂದೇ ಅದಲ್ರಿ ಸರ, ಮತ್ಯಾಕ ಎರಡು ಫಾರಂ?" ಅಂತ ತರಬೇತಿ ಹಾಲಿನಲ್ಲಿ ಕೇಳದವರಿಲ್ಲ. ಕೊನೆಗೆ ಹಾಲಿನ ಬಾಗಿಲಿಗೆ ಎರಡು ಟೇಬಲ್ ಹಾಕಿಸಿ, ಒಂದರ ಮೇಲೆ 'ಬೀದರ್ ಓಟು', ಇನ್ನೊಂದರ ಮೇಲೆ 'ಕಲಬುರಗಿ ಓಟು' ಅಂತ ದೊಡ್ಡದಾಗಿ ಬರೆಸಿದೆ. ಪ್ರಶ್ನೆ ಅರ್ಧ ಕಡಿಮೆಯಾಯಿತು.

ಹಂಚಿಕೆ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಡ್ಯೂಟಿ ಇದೆ, ತರಬೇತಿ ಎಲ್ಲಿ ಅನ್ನುವುದಷ್ಟೇ ತಿಳಿಯುತ್ತದೆ. ಎರಡನೆಯದು ಚುನಾವಣಾ ಆಯೋಗದ ವೀಕ್ಷಕರ ಎದುರು ನಡೆಯುತ್ತದೆ. ಪಿ.ಆರ್.ಒ. (ಮತಗಟ್ಟೆಯ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್) ಜೊತೆ ಪೋಲಿಂಗ್ ಆಫೀಸರ್‌ಗಳು ಸೇರಿ ತಂಡವಾಗುತ್ತದೆ, ಯಾವ ವಿಧಾನಸಭಾ ಕ್ಷೇತ್ರ ಅಂತ ಗೊತ್ತಾಗುತ್ತದೆ. ಯಾವ ಬೂತು ಅನ್ನುವುದು ಮೂರನೇ ಸುತ್ತಿನಲ್ಲಿ, ತಂಡ ಹೊರಡುವುದಕ್ಕೆ ಸ್ವಲ್ಪ ಮೊದಲು. ಹಾಗಾಗಿ "ಊರಿಗೆ ಹತ್ರದ ಬೂತ್ ಹಾಕಿಸ್ರಿ" ಅನ್ನುವವರಿಗೆ ನಾವು ಏನೂ ಮಾಡಲಾಗದು. ನಂಬುವವರು ಕಡಿಮೆ, ಅದು ಬೇರೆ ಮಾತು.

ವಿನಾಯಿತಿ ಅರ್ಜಿಗಳದ್ದೇ ಒಂದು ಜಾತ್ರೆ. ಗರ್ಭಿಣಿಯರು, ಎಳೆ ಕೂಸಿನ ತಾಯಂದಿರು, ಅಂಗವಿಕಲರ ಅರ್ಜಿಗೆ ನಾನು ಎರಡನೇ ಮಾತು ಆಡಲಿಲ್ಲ, ಅಂದೇ ಮೇಲೆ ಕಳಿಸಿದೆ. ಬಿಪಿ, ಶುಗರ್ ಅಂದವರಿಗೆ ವೈದ್ಯರ ತಂಡದ ಮುಂದೆ ಹೋಗಿ ಅಂದೆ. ಅರ್ಧ ಜನ ಹೋಗಲೇ ಇಲ್ಲ. ಮದುವೆ ಕಾರ್ಡ್ ಹಿಡಿದು ಬಂದವರಲ್ಲಿ ಮದುಮಗ ಯಾರು ಅಂತ ಮೊದಲು ನೋಡುತ್ತಿದ್ದೆ.

ಇನ್ನೊಂದು ತೊಡಕು ಓದಿನದು. ಮೊದಲನೇ ಪೋಲಿಂಗ್ ಆಫೀಸರ್ ಮತದಾರರ ಪಟ್ಟಿ ಹಿಡಿದು ಹೆಸರನ್ನು ಏಜೆಂಟರಿಗೆ ಕೇಳುವಂತೆ ಓದಬೇಕು. ನಮ್ಮಲ್ಲಿ ಪಟ್ಟಿ ಕನ್ನಡದಲ್ಲಿರುತ್ತದೆ. ಬ್ಯಾಂಕಿನವರಲ್ಲಿ ಕನ್ನಡ ಓದಲು ಬಾರದವರು ಎಷ್ಟೋ ಜನ. ಅವರನ್ನು ಮೈಕ್ರೋ ಅಬ್ಸರ್ವರ್ (ಬೂತಿನಲ್ಲಿ ಕೂತು ಮತದಾನ ಗಮನಿಸಿ ವೀಕ್ಷಕರಿಗೆ ವರದಿ ಕೊಡುವವರು) ಪಟ್ಟಿಗೆ ಕಳಿಸಿದರೆ ಅವರಿಗೂ ಹಗುರ, ಬೂತಿಗೂ ಹಗುರ. ತಾಂಡಾ ಬೂತುಗಳಲ್ಲಿ ಪುಣೆ, ಮುಂಬೈಗೆ ದುಡಿಯಲು ಹೋದವರ ಹೆಸರು ಎಎಸ್‌ಡಿ (ಊರಲ್ಲಿಲ್ಲದ, ಮನೆ ಬದಲಿಸಿದ, ತೀರಿಹೋದ ಮತದಾರರ) ಪಟ್ಟಿಯಲ್ಲಿ ಬಹಳ ಇರುತ್ತವೆ. ಅಲ್ಲಿ ಓದು ತಡವರಿಸಿದರೆ ತಕರಾರು ಶುರು.

ಮೇ 6, ಮಸ್ಟರಿಂಗ್. ಬಿಸಿಲು 40 ಡಿಗ್ರಿ ದಾಟಿತ್ತು. ಬಸ್ಸಿನ ರೂಟಿಗೆ ತಕ್ಕಂತೆ ಕೌಂಟರ್ ಹಾಕಿದ್ದೆವು. ಹಾಜರಿ ಹಾಕಿದ ಮೇಲೆಯೇ ಸಾಮಾನಿನ ಚೀಲ. ಬರದವರ ಹೆಸರು ಬರೆದುಕೊಂಡು ರಿಸರ್ವ್‌ನಿಂದ ಜನ ಕರೆಯಬೇಕು. ಇಲ್ಲಿ ನನ್ನದೊಂದು ಹಟ ಇತ್ತು. ಪಿ.ಆರ್.ಒ. ಬರದಿದ್ದರೆ ಸಿಕ್ಕವರನ್ನು ಕೂರಿಸದೆ, ಪಿ.ಆರ್.ಒ. ತರಬೇತಿ ಪಡೆದ ರಿಸರ್ವ್‌ನವರನ್ನೇ ಕಳಿಸುವುದು. ಬೆಳಗ್ಗೆ ಐದೂವರೆಗೆ ಮಷಿನ್ ಪರೀಕ್ಷೆಯ ಅಣಕು ಮತದಾನ ಶುರು ಮಾಡಿ, ಮಷಿನ್ನಿನ ಕ್ಲೋಸ್, ರಿಸಲ್ಟ್, ಕ್ಲಿಯರ್ ಒತ್ತಿ, ಏಳಕ್ಕೆ ಸರಿಯಾಗಿ ನಿಜವಾದ ಮತದಾನ ಆರಂಭಿಸುವವರು ಅವರೇ ಅಲ್ವಾ?

ಹೊಸಬರನ್ನು ಹಾಕಿದ ಕೂಡಲೇ ಅವರ ಫೋನ್ ನಂಬರನ್ನು ಆ ರೂಟಿನ ಬೂತುಗಳನ್ನು ನೋಡಿಕೊಳ್ಳುವ ಸೆಕ್ಟರ್ ಆಫೀಸರ್‌ಗೆ ಕಳಿಸುತ್ತಿದ್ದೆ. ಇಲ್ಲದಿದ್ದರೆ ರಾತ್ರಿ ಸೆಕ್ಟರ್ ಆಫೀಸರು ಬಾರದವರಿಗೇ ಫೋನ್ ಮಾಡುತ್ತಿರುತ್ತಾರೆ.

ಬಸ್ಸುಗಳು ಹೊರಟ ಮೇಲೆ ಉಳಿದ ರಿಸರ್ವ್ ಜನ ಬಂದು ಸುತ್ತ ನಿಂತರು. "ಇನ್ನ ಮನಿಗ್ ಹೋಗ್ಲೇನ್ರಿ?" ಎಲ್ಲ ತಂಡ ಮುಟ್ಟಿದ ಸುದ್ದಿ ಬರಲಿ, ಊಟ ಮಾಡಿ ಕೂಡ್ರಿ ಅಂದೆ. ಕೊನೆಯ ರೂಟಿನ ಫೋನ್ ಬಂದಾಗ ಕತ್ತಲಾಗಿತ್ತು. ಆಮೇಲೆ ಅರ್ಧ ಜನರನ್ನು ಬಿಟ್ಟು, ಅರ್ಧ ಜನರನ್ನು ಮರುದಿನ ಸಂಜೆವರೆಗೆ ಕಚೇರಿಯಲ್ಲೇ ಇಟ್ಟುಕೊಂಡೆವು.