ಐಸ್ ಹಾಕಿಯಲ್ಲಿ ಗೆಳೆಯನಿಗೆ ಜನಾಂಗೀಯ ನಿಂದನೆ ಎದುರಾದಾಗ ಜೊತೆ ಆಟಗಾರ ಮಾಡಬೇಕಾದುದು

1958ರ ಜನವರಿ 18ರಂದು ಮಾಂಟ್ರಿಯಲ್‌ನಲ್ಲಿ ಬೋಸ್ಟನ್ ಬ್ರೂಯಿನ್ಸ್ ಪರ ಆಡಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಮೊದಲ ಕಪ್ಪು ವರ್ಣೀಯ ಆಟಗಾರರಾದ ವಿಲ್ಲಿ ಓ’ರೀ ಅವರು ಎದುರಿಸಿದ ನಿಂದನೆ ಅವರ ಕಾಲಕ್ಕೇ ಮುಗಿಯಲಿಲ್ಲ. 2011ರಲ್ಲಿ ಒಂಟಾರಿಯೊದ ಲಂಡನ್ ನಗರದಲ್ಲಿ ಕಪ್ಪು ವರ್ಣೀಯ ಎನ್‌ಎಚ್‌ಎಲ್ ಆಟಗಾರ ವೇಯ್ನ್ ಸಿಮಂಡ್ಸ್ ಅವರತ್ತ ಪ್ರೇಕ್ಷಕನೊಬ್ಬ ಬಾಳೆಹಣ್ಣು ಎಸೆದನು. ಹದಿಹರೆಯದ ತಂಡಗಳಲ್ಲಿಯೂ ಇಂಥದ್ದು ನಡೆಯುತ್ತದೆ. ಆದ್ದರಿಂದ ಕೆನಡಾದಲ್ಲಿ ಮಕ್ಕಳನ್ನು ರಿಂಕ್‌ಗೆ (ಐಸ್ ಹಾಕಿಯ ಅಂಗಳಕ್ಕೆ) ಕಳುಹಿಸುವ ಕನ್ನಡದ ಮನೆಗಳು ಈ ಕುರಿತು ಅವರೊಡನೆ ಮೊದಲೇ ಮಾತನಾಡಿಡುವುದು ಒಳ್ಳೆಯದು.

ಬೈಗುಳ ಹೆಚ್ಚಾಗಿ ರೆಫರಿಯ ಕಿವಿಗೆ ಬೀಳುವುದಿಲ್ಲ. ಆಟ ಶುರುಮಾಡುವ ಫೇಸ್‌ಆಫ್‌ಗೆ ಎರಡೂ ತಂಡಗಳ ಒಬ್ಬೊಬ್ಬ ಆಟಗಾರ ಎದುರುಬದುರಾಗಿ ಬಾಗಿ ನಿಂತಾಗ, ಮುಖದ ಜಾಲರಿಯ ಹಿಂದಿನಿಂದ, ಅದು ಪಿಸುಮಾತಾಗಿ ಬರುತ್ತದೆ. ಕೇಳಿಸುವುದು ಗೆಳೆಯನಿಗೆ ಮತ್ತು ನಿಮಗೆ ಮಾತ್ರ. ಆಗ ಕೈಗವಸು ಕಿತ್ತೆಸೆದು ಹೊಡೆದಾಟಕ್ಕೆ ಇಳಿಯಬೇಡಿ, ಏಕೆಂದರೆ ಶಿಕ್ಷೆ ನಿಮಗಾಗುತ್ತದೆ, ಬೈದವನು ಆಡುತ್ತಲೇ ಇರುತ್ತಾನೆ. ಆಟ ನಿಂತ ಕೂಡಲೇ ನಾಯಕ ಮತ್ತು ಕೋಚ್ ಮೂಲಕ ರೆಫರಿಗೆ ತಿಳಿಸಿ. ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಕೆನಡಾದ ನಿಯಮ 11.4 ತಾರತಮ್ಯದ ನಿಂದನೆಗೆ ಸಂಬಂಧಿಸಿದ್ದು. ರೆಫರಿ ಸ್ವತಃ ಕೇಳಿರದಿದ್ದರೂ ಆರೋಪವನ್ನು ವರದಿ ಮಾಡಿಸಲು ಒತ್ತಾಯಿಸಿ. ಅಂದು ರಾತ್ರಿಯೇ ಪೀರಿಯಡ್ (ಪಂದ್ಯದ ಯಾವ ಭಾಗ), ಗಡಿಯಾರದ ಸಮಯ, ಎದುರಾಳಿಯ ಜೆರ್ಸಿ ಸಂಖ್ಯೆ, ಆಡಿದ ಮಾತು ಇವನ್ನೆಲ್ಲ ಇದ್ದದ್ದು ಇದ್ದಂತೆ ಬರೆದಿಡಿ.

ಗೆಳೆತನಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಡ್ರೆಸ್ಸಿಂಗ್ ರೂಮಿನಲ್ಲಿ. "ಬಿಡು, ತಮಾಷೆಗೆ ಅಂದಿದ್ದಾನೆ" ಎಂದು ನಿಮ್ಮದೇ ತಂಡದವರು ಹೇಳುತ್ತಾರೆ. ಬೈದವನ ಮಾತಿಗಿಂತ ಆಗಿನ ನಿಮ್ಮ ಮೌನವೇ ಗೆಳೆಯನನ್ನು ಹೆಚ್ಚು ನೋಯಿಸುತ್ತದೆ ಎಂದು ನಾನು ನಂಬುತ್ತೇನೆ. "ನಾನೂ ಕೇಳಿದೆ, ಅದು ತಮಾಷೆಯಲ್ಲ" ಎಂದು ಎಲ್ಲರೆದುರು ಹೇಳಿ. ಆದರೆ ಅವನ ಪರವಾಗಿ ಎಲ್ಲವನ್ನೂ ನೀವೇ ತೀರ್ಮಾನಿಸಬೇಡಿ: ಲೀಗ್‌ಗೆ ಅಥವಾ ಹಾಕಿ ಕೆನಡಾ ದೂರುಗಳಿಗಾಗಿ ನೇಮಿಸಿರುವ ಸ್ವತಂತ್ರ ವ್ಯವಸ್ಥೆಗೆ ದೂರು ಕೊಡುವುದು, ಮನೆಯವರಿಗೆ ಹೇಳುವುದು, ಮುಂದಿನ ಪಂದ್ಯ ಆಡುವುದು ಇವುಗಳಲ್ಲಿ ಅವನ ಇಚ್ಛೆ ಏನೆಂದು ಕೇಳಿ.

ಅಪಾಯದ ವಿಷಯ ಮಾತ್ರ ಇದಕ್ಕೆ ಹೊರತು. ಪಾರ್ಕಿಂಗ್ ಜಾಗದಲ್ಲಿ ಯಾರಾದರೂ ಕಾದು ನಿಂತಿದ್ದರೆ, ಕಾರು ಹಿಂಬಾಲಿಸಿದರೆ, ಫೋನಿಗೆ ಬೆದರಿಕೆ ಬಂದರೆ, ಗೆಳೆಯ "ಯಾರಿಗೂ ಹೇಳಬೇಡ" ಎಂದು ಬೇಡಿಕೊಂಡರೂ ಹಿರಿಯರಿಗೆ ಹೇಳಲೇಬೇಕು. ರಿಂಕ್‌ನ ಒಳಗೇ ಉಳಿದು ಮನೆಯವರನ್ನು ಕರೆಸಿ; ಅಪಾಯ ಎದುರಿಗೇ ಇದ್ದರೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ, ಉತ್ತರಿಸಲು ಹೋಗಬೇಡಿ. ಮನೆಯಲ್ಲಿ ಹೇಳಿಕೊಳ್ಳಲಾಗದ ಮಕ್ಕಳು ಕೆನಡಾದ ಮಕ್ಕಳ ಸಹಾಯವಾಣಿಯಾದ ಕಿಡ್ಸ್ ಹೆಲ್ಪ್ ಫೋನ್ ಸೇವೆಯೊಡನೆ ಮಾತನಾಡಬಹುದು.

ವಿಚಾರಣೆ ವಾರಗಟ್ಟಲೆ ಎಳೆಯಬಹುದು. ಅಷ್ಟು ದಿನವೂ ಅಭ್ಯಾಸಕ್ಕೆ ಅವನ ಜೊತೆಗೇ ಹೋಗಿ ಬನ್ನಿ. ಸಾಕ್ಷಿ ಹೇಳಲು ಕರೆದಾಗ, ಬರೆದಿಟ್ಟ ಹಾಳೆಯನ್ನು ಕೈಯಲ್ಲಿ ಹಿಡಿದು, ಕೇಳಿದ್ದನ್ನಷ್ಟೇ ಹೇಳಿ.